ರೂಪಾಯಿಗೆ ನಾಲ್ಕು ಪೈ: ಊರ ಶಾಲೆಗೆ ಹಣ ಬಂದ ದಾರಿ

ಬೆಳಗಾವಿ ಕಂದಾಯ ಜಿಲ್ಲೆ ಒಂದೇ. ಆದರೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದು ಎರಡು. ಒಂದು ಬೆಳಗಾವಿ ಶೈಕ್ಷಣಿಕ ಜಿಲ್ಲೆ, ಇನ್ನೊಂದು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ. ತುಮಕೂರಿಗೆ ಮಧುಗಿರಿ, ಉತ್ತರ ಕನ್ನಡಕ್ಕೆ ಶಿರಸಿ ಇರುವ ಹಾಗೆ ಬೆಳಗಾವಿಗೆ ಚಿಕ್ಕೋಡಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಮುಂತಾದ ಗಡಿ ಭಾಗದ ಶಾಲೆಗಳೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಇದಕ್ಕೆ ಪ್ರತ್ಯೇಕ ಉಪನಿರ್ದೇಶಕರಿದ್ದಾರೆ, ಕಚೇರಿಯಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಪತ್ರಿಕೆಗಳಲ್ಲಿ ಈ ಜಿಲ್ಲೆಗೆ ಪ್ರತ್ಯೇಕ ಸ್ಥಾನವೂ ಸಿಗುತ್ತದೆ.

ಇಲ್ಲದಿರುವುದು ಒಂದೇ: ಸ್ವಂತ ಖಜಾನೆ. ಈ ಶೈಕ್ಷಣಿಕ ಜಿಲ್ಲೆ ಒಂದು ರೂಪಾಯಿ ಕರ ವಿಧಿಸುವಂತಿಲ್ಲ, ಒಂದು ರೂಪಾಯಿ ಸಾಲ ಎತ್ತುವಂತಿಲ್ಲ.

ಅಮೆರಿಕದಲ್ಲಿ ಶಾಲಾ ಜಿಲ್ಲೆ ಎಂದರೆ ಬೇರೆಯೇ ಅರ್ಥ. ಅಲ್ಲಿ ಬಹುತೇಕ ಶಾಲಾ ಜಿಲ್ಲೆಗಳಿಗೆ ಜನರೇ ಆರಿಸಿದ ಮಂಡಳಿ ಇರುತ್ತದೆ. ಕಟ್ಟಡ ಹಳೆಯದಾಯಿತು, ಪ್ರಯೋಗಾಲಯಕ್ಕೆ ಉಪಕರಣ ಬೇಕು ಎಂದಾಗ ಮಂಡಳಿ ಇಷ್ಟು ಸಾಲ ಎತ್ತುತ್ತೇವೆ, ಇಂತಿಂಥ ಕೆಲಸಕ್ಕೆ ಬಳಸುತ್ತೇವೆ ಎಂದು ಬರೆದು ಮತದಾರರ ಮುಂದಿಡುತ್ತದೆ. ಮತದಾರರು ಒಪ್ಪಿದರೆ ಸಾಲಪತ್ರ, ಅಂದರೆ ಬಾಂಡ್, ಮಾರಿ ಹಣ ತರುತ್ತಾರೆ. ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ವರ್ಷಗಳವರೆಗೆ ಊರಿನ ಮನೆ, ಜಮೀನು, ಅಂಗಡಿಗಳ ಆಸ್ತಿ ತೆರಿಗೆಯಿಂದ ಅದನ್ನು ತೀರಿಸುತ್ತಾರೆ. ಮತದಾರರು ಬೇಡವೆಂದರೆ ಪ್ರಸ್ತಾವ ಅಲ್ಲಿಗೇ ನಿಂತಿತು.

ನಮ್ಮಲ್ಲಿ ಇಂಥ ಪದ್ಧತಿ ಇಲ್ಲ. ಹಾಗೆಂದು ನಮ್ಮ ಹಳ್ಳಿಗರು ಶಾಲೆಗೆ ಹಣ ಕೊಟ್ಟೇ ಇಲ್ಲ ಎಂದುಕೊಂಡರೆ ಅದು ತಪ್ಪು. ಕೃಷ್ಣಾ ತೀರದ ರೈತ ಒಂದೂವರೆ ಶತಮಾನದಿಂದ ಶಾಲೆಗೆಂದು ಬೇರೆ ಬೇರೆ ಹೆಸರಿನಲ್ಲಿ ಹಣ ತೆತ್ತಿದ್ದಾನೆ. ಆದರೆ ಆ ಹಣದ ಬಗ್ಗೆ ಆತನನ್ನು ಯಾರಾದರೂ ಕೇಳಿದರೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ ಈ ಭಾಗದ ಶಿಕ್ಷಣದ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ನದಿಯಂಚಿನ ಊರು

ಜುಗೂಳವನ್ನೇ ತೆಗೆದುಕೊಳ್ಳೋಣ. ಮೊದಲು ಅಥಣಿ ತಾಲ್ಲೂಕಿನಲ್ಲಿದ್ದು ಈಗ ಕಾಗವಾಡ ತಾಲ್ಲೂಕಿಗೆ ಸೇರಿರುವ ಊರು. ಕೃಷ್ಣೆಯ ದಂಡೆಯ ಮೇಲಿದೆ. ನದಿಯಾಚೆ ಮಹಾರಾಷ್ಟ್ರದ ಖಿದ್ರಾಪುರ, ಅಲ್ಲಿನ ಕೋಪೇಶ್ವರ ಗುಡಿ. 2005, 2019 ಮತ್ತು 2021ರಲ್ಲಿ ಕೃಷ್ಣೆ ಉಕ್ಕಿ ಹರಿದಾಗ ಈ ದಂಡೆಯ ಹಳ್ಳಿಗಳು ಪಟ್ಟ ಪಾಡು ನಾಡಿಗೇ ಗೊತ್ತು. ಹೊಳೆ ಬಂದಾಗ ಎತ್ತರದ ಊರುಗಳ ಶಾಲೆಗಳು ನಿರಾಶ್ರಿತರ ಗಂಜಿ ಕೇಂದ್ರಗಳಾಗುತ್ತವೆ. ತಗ್ಗಿನ ಊರುಗಳ ಶಾಲೆಗಳಿಗೆ ನೀರೇ ನುಗ್ಗುತ್ತದೆ. ನೀರು ಇಳಿದ ಮೇಲೆ ನೆನೆದ ಗೋಡೆ, ಕೆಸರು ಮೆತ್ತಿದ ಬೆಂಚು, ಹಾಳಾದ ಕಂಪ್ಯೂಟರು, ಒದ್ದೆಯಾದ ಪುಸ್ತಕಗಳು ಉಳಿಯುತ್ತವೆ. ಇಂಥ ಊರಿನಲ್ಲಿ ಶಾಲೆಯ ದುರಸ್ತಿ ಎಂಬುದು ಐದು ವರ್ಷಕ್ಕೊಮ್ಮೆ ಯೋಚಿಸುವ ವಿಷಯವಲ್ಲ.

ಈ ಭಾಗದ ಹಳ್ಳಿಗಳು ಹಿಂದೆ ಒಂದೇ ಆಡಳಿತದಲ್ಲಿ ಇರಲಿಲ್ಲ. ಅಥಣಿ, ಚಿಕ್ಕೋಡಿ ತಾಲ್ಲೂಕುಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ನಡುನಡುವೆ ಸಾಂಗಲಿ, ಕುರುಂದವಾಡದಂಥ ಪಟವರ್ಧನ ಮನೆತನದ ಸಂಸ್ಥಾನಗಳ ಹಳ್ಳಿಗಳು. ಒಂದು ಗಾವುದ ನಡೆದರೆ ರಾಜ್ಯ ಬದಲಾಗುತ್ತಿತ್ತು, ಶಾಲೆಯ ಕಾನೂನೂ ಬದಲಾಗುತ್ತಿತ್ತು.

ಅರ್ಧ ನಿಮ್ಮದು, ಅರ್ಧ ನಮ್ಮದು

ಹಳೆಯ ಕಾಲದಲ್ಲಿ ಊರ ಶಾಲೆ ಎಂದರೆ ಗುಡಿಯ ಪಡಸಾಲೆ, ಮಠ ಇಲ್ಲವೆ ಚಾವಡಿ. ಅದನ್ನು ಗಾಂವಠಿ ಸಾಲಿ ಎನ್ನುತ್ತಿದ್ದರು. ಮಾಸ್ತರರಿಗೆ ಪಾಲಕರೇ ಕಾಳು ಕಡಿ, ಹಬ್ಬದ ಕಾಣಿಕೆ ಕೊಡುತ್ತಿದ್ದರು. ಕೊಡುವ ಶಕ್ತಿ ಇದ್ದವರ ಮಕ್ಕಳು ಕಲಿತರು. ಉಳಿದವರು ದನ ಕಾಯ್ದರು.

ಸರ್ಕಾರ ಈ ಕೆಲಸಕ್ಕೆ ಕೈ ಹಾಕಿದಾಗಲೂ ಮೊದಲು ಊರಿನವರ ಕಿಸೆಯನ್ನೇ ನೋಡಿತು. 1850ರ ದಶಕದ ಆರಂಭದಲ್ಲಿ ಮುಂಬಯಿ ಪ್ರಾಂತದ ಶಿಕ್ಷಣ ಮಂಡಳಿ ಒಂದು ಯೋಜನೆ ತಂದಿತು. ಮಾಸ್ತರರ ಸಂಬಳದಲ್ಲಿ ಅರ್ಧ ಸರ್ಕಾರ ಕೊಡುತ್ತದೆ, ಉಳಿದರ್ಧ ಊರಿನವರು ಕೊಡಬೇಕು, ಕಟ್ಟಡವನ್ನೂ ಅವರೇ ಒದಗಿಸಬೇಕು ಎಂಬುದು ಅದರ ಷರತ್ತು. ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಮಳೆ ಬಿದ್ದ ವರ್ಷ ಕೊಟ್ಟ ಮಾತನ್ನು ಬರ ಬಿದ್ದ ವರ್ಷ ನಡೆಸುವುದು ಹೇಗೆ? ಊರಿನ ಹಿರಿಯರ ನಡುವೆ ಮನಸ್ತಾಪ ಬಂದರೆ ಸಂಬಳ ಕೊಡುವವರು ಯಾರು? ವಂತಿಗೆಯ ಮೇಲೆ ನಿಂತ ಶಾಲೆಗೆ ನಾಳೆಯ ಭರವಸೆ ಇರುವುದಿಲ್ಲ. ಕೆಲವೇ ವರ್ಷಗಳಲ್ಲಿ ಈ ಪದ್ಧತಿ ಹಿಂದೆ ಸರಿಯಿತು.

1854ರಲ್ಲಿ ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣ ನಿರೂಪದಿಂದಾಗಿ ಪ್ರಾಂತಗಳಲ್ಲಿ ಶಿಕ್ಷಣ ಇಲಾಖೆಗಳು ಹುಟ್ಟಿದವು. ಇಲಾಖೆ ಹುಟ್ಟಿದ ಮೇಲೆ ಹಳ್ಳಿಗಳಿಗೆ ಶಾಲೆ ಬೇಕು, ಶಾಲೆಗೆ ಹಣ ಬೇಕು. ಆಗ ಬಂದದ್ದೇ ‘ಒಂದಾಣೆ ಕರ’.

ನಾಲ್ಕು ಪೈ ಲೆಕ್ಕ

1860ರ ದಶಕದ ಮೊದಲರ್ಧದಲ್ಲಿ ಆರಂಭವಾದ ಈ ಕರಕ್ಕೆ 1869ರ ಮುಂಬಯಿ ಸ್ಥಳೀಯ ನಿಧಿ ಕಾಯ್ದೆ ಕಾನೂನಿನ ಬಲ ಕೊಟ್ಟಿತು. ಲೆಕ್ಕ ಸರಳ. ರೈತ ಭೂಮಿಗೆ ಕಟ್ಟುವ ಫಾಳಾದ ಪ್ರತಿ ರೂಪಾಯಿಗೆ ಒಂದಾಣೆ ಹೆಚ್ಚುವರಿ ಕೊಡಬೇಕು. ಆ ಒಂದಾಣೆಯಲ್ಲಿ ಮೂರರಲ್ಲಿ ಎರಡು ಪಾಲು ರಸ್ತೆ ಮೊದಲಾದ ಲೋಕೋಪಯೋಗಿ ಕೆಲಸಕ್ಕೆ, ಒಂದು ಪಾಲು ಶಾಲೆಗೆ.

ಆಣೆ ಪೈಗಳ ಲೆಕ್ಕ ಈಗಿನ ಓದುಗರಿಗೆ ಮರೆತಿರಬಹುದು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಹಾಗಾಗಿ ಶಾಲೆಯ ಪಾಲು ರೂಪಾಯಿಗೆ 4 ಪೈ, ಅಂದರೆ ಫಾಳಾದ 48ನೇ ಒಂದು ಭಾಗ. ವರ್ಷಕ್ಕೆ 12 ರೂಪಾಯಿ ಫಾಳಾ ಕಟ್ಟುವ ರೈತ ಶಾಲೆಗೆಂದು ಕೊಟ್ಟದ್ದು 4 ಆಣೆ. ಆತನ ಮಗ ಶಾಲೆಗೆ ಹೋಗಲಿ, ಬಿಡಲಿ, ಊರಲ್ಲಿ ಶಾಲೆ ಇರಲಿ, ಇಲ್ಲದಿರಲಿ, ಈ ನಾಲ್ಕಾಣೆ ಕುಲಕರ್ಣಿಯ ಪುಸ್ತಕದಲ್ಲಿ ಜಮೆ ಆಗಲೇಬೇಕು.

ವಂತಿಗೆಗೂ ಕರಕ್ಕೂ ಇರುವ ವ್ಯತ್ಯಾಸ ಇದೇ. ಕರ ವರ್ಷ ವರ್ಷ ತಪ್ಪದೆ ಬರುತ್ತದೆ. ಅದನ್ನು ನಂಬಿ ಮಾಸ್ತರರನ್ನು ನೇಮಿಸಬಹುದು, ಕಟ್ಟಡ ಕಟ್ಟಬಹುದು. ಮುಂಬಯಿ ಪ್ರಾಂತದ ಹಳ್ಳಿ ಶಾಲೆಗಳ ಜಾಲ ಬೆಳೆದದ್ದು ಬಹುಮಟ್ಟಿಗೆ ಈ ಹಣದ ಬಲದಿಂದಲೇ. ಆದರೆ ವಂತಿಗೆ ಕೊಟ್ಟವನು ಎದ್ದು ನಿಂತು ‘ನನ್ನ ರೊಕ್ಕ ಏನಾತು?’ ಎಂದು ಕೇಳಬಹುದಿತ್ತು. ಕರ ಕೊಟ್ಟವನಿಗೆ ಆ ಬಾಗಿಲು ಮುಚ್ಚಿತು. ಎಲ್ಲಿ ಶಾಲೆ ತೆರೆಯಬೇಕು, ಯಾವ ಭಾಷೆಯಲ್ಲಿ ಕಲಿಸಬೇಕು ಎಂಬುದೆಲ್ಲ ಇಲಾಖೆಯ ತೀರ್ಮಾನ. ಕನ್ನಡ ಮನೆಮಾತಿನ ಊರುಗಳಲ್ಲೂ ಬಹುಕಾಲ ಮರಾಠಿ ಶಾಲೆಗಳೇ ಇದ್ದುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಡೆಪ್ಯುಟಿ ಚನ್ನಬಸಪ್ಪನವರಂಥ ಅಧಿಕಾರಿಗಳು ಇಲಾಖೆಯೊಳಗೆ ಇದ್ದುಕೊಂಡೇ ಕನ್ನಡ ಶಾಲೆಗಳಿಗಾಗಿ ಹೆಣಗಬೇಕಾಯಿತು.

ಇನ್ನೊಂದು ಅನ್ಯಾಯವೂ ಇತ್ತು. ಕರ ಇದ್ದದ್ದು ಭೂಮಿಯ ಮೇಲೆ. ಪೇಟೆಯ ವ್ಯಾಪಾರಿಗೆ, ವಕೀಲರಿಗೆ, ನೌಕರರಿಗೆ ಅಂಥ ಕಡ್ಡಾಯ ಶಾಲಾ ಕರ ಇರಲಿಲ್ಲ. ಆದರೆ ಒಳ್ಳೆಯ ಶಾಲೆಗಳು ಇದ್ದದ್ದು ಪೇಟೆಯಲ್ಲೇ. ಹೊಲದಲ್ಲಿ ದುಡಿದವನ ನಾಲ್ಕು ಪೈ ಪೇಟೆಯ ಶಾಲೆಯ ಮಾಡಿಗೆ ಹೆಂಚಾಯಿತು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಪುಣೆಯ ಜ್ಯೋತಿರಾವ್ ಫುಲೆ ಸಲ್ಲಿಸಿದ ನಿವೇದನೆಯ ತಿರುಳು ಇದೇ. ಸರ್ಕಾರದ ಆದಾಯ ಬರುವುದು ರೈತನ ಬೆವರಿನಿಂದ, ಅದರ ವಿದ್ಯೆ ಮಾತ್ರ ಮೇಲ್ವರ್ಗದವರ ಪಾಲಾಗುತ್ತಿದೆ ಎಂದು ಅವರು ಖಾರವಾಗಿಯೇ ಹೇಳಿದರು. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಬೇಕೆಂಬ ಒತ್ತಾಯವೂ ಅದರಲ್ಲಿತ್ತು.

1884ರಲ್ಲಿ ಸ್ಥಳೀಯ ಮಂಡಳಿಗಳ ಕಾಯ್ದೆ ಬಂತು. ಜಿಲ್ಲೆಗೊಂದು, ತಾಲ್ಲೂಕಿಗೊಂದು ಲೋಕಲ್ ಬೋರ್ಡು. ಕರದ ಹಣದ ಮೇಲೆ ಜನಪ್ರತಿನಿಧಿಗಳಿಗೆ ಅಷ್ಟಿಷ್ಟು ಮಾತು ಸಿಕ್ಕಿದ್ದು ಆಗಲೇ. ಆದರೆ ಆರಂಭದಲ್ಲಿ ಜಿಲ್ಲಾ ಬೋರ್ಡಿಗೆ ಕಲೆಕ್ಟರರೇ ಅಧ್ಯಕ್ಷರು. ಸದಸ್ಯರಲ್ಲಿ ಹಲವರು ನಾಮಕರಣಗೊಂಡವರು. ಮತ ಇದ್ದದ್ದೂ ಆಸ್ತಿವಂತರಾದ ಕೆಲವರಿಗೆ ಮಾತ್ರ. ನಾಲ್ಕಾಣೆ ಕೊಟ್ಟವನು ಬೋರ್ಡಿನ ಮೆಟ್ಟಿಲು ಹತ್ತಲಿಲ್ಲ.

ರಾಯಬಾಗದ ಕಡೆಯ ಕಥೆ

ಅತ್ತ ಕೊಲ್ಲಾಪುರ ಸಂಸ್ಥಾನದಲ್ಲಿ ಬೇರೆಯೇ ಗಾಳಿ ಬೀಸಿತು. ಶಾಹೂ ಮಹಾರಾಜರು 1917ರಲ್ಲಿ ತಮ್ಮ ರಾಜ್ಯದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದರು. ಮಗುವನ್ನು ಶಾಲೆಗೆ ಕಳಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡ ಎಂಬ ನಿಯಮವಿತ್ತು. ಆಗ ಅದು ಸಣ್ಣ ಮೊತ್ತವಲ್ಲ. ಬ್ರಿಟಿಷ್ ಪ್ರಾಂತದಲ್ಲಿ ಪಾಲಕ ಶುಲ್ಕ ಕೊಟ್ಟು ಕಳಿಸಬೇಕಿದ್ದ ಕಾಲದಲ್ಲಿ, ಇಲ್ಲಿ ಕಳಿಸದಿದ್ದರೆ ದಂಡ.

ರಾಯಬಾಗ 1949ರಲ್ಲಿ ಕೊಲ್ಲಾಪುರ ವಿಲೀನಗೊಳ್ಳುವವರೆಗೂ ಆ ಸಂಸ್ಥಾನದಲ್ಲೇ ಇತ್ತು. ಹೀಗೆ ಈಗ ಒಂದೇ ಶೈಕ್ಷಣಿಕ ಜಿಲ್ಲೆಯಲ್ಲಿರುವ ಅಥಣಿಗೂ ರಾಯಬಾಗಕ್ಕೂ ಎರಡು ಬೇರೆ ಪರಂಪರೆಗಳಿವೆ. ಒಂದರಲ್ಲಿ ಕರ ಮೊದಲು ಬಂತು, ಹಕ್ಕು ನಂತರ. ಇನ್ನೊಂದರಲ್ಲಿ ರಾಜನ ಇಚ್ಛೆಯಿಂದ ಹಕ್ಕು ಮೊದಲು ಬಂತು. ಎರಡರಲ್ಲೂ ಊರಿನವರನ್ನು ಕೇಳಿ ಮಾಡಿದ್ದು ಯಾವುದೂ ಇಲ್ಲ.

ಬೋರ್ಡಿನ ಶಾಲೆಗಳ ಕಾಲ

ಬ್ರಿಟಿಷ್ ಪ್ರಾಂತದಲ್ಲಿ ಕಡ್ಡಾಯ ಶಿಕ್ಷಣದ ಮೊದಲ ಹೆಜ್ಜೆ 1918ರಲ್ಲಿ ಬಿತ್ತು. ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಬಂದ ಆ ಕಾಯ್ದೆ ನಗರಸಭೆಗಳಿಗೆ ತಮ್ಮ ಊರಿನಲ್ಲಿ ಶಿಕ್ಷಣ ಕಡ್ಡಾಯ ಮಾಡುವ ಅಧಿಕಾರ ಕೊಟ್ಟಿತು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ ಇನ್ನೂ ಮುಂದೆ ಹೋಗಿ, ಹಳ್ಳಿಯ ಶಾಲೆಗಳ ಆಡಳಿತವನ್ನೇ ಜಿಲ್ಲಾ ಲೋಕಲ್ ಬೋರ್ಡುಗಳ ಶಾಲಾ ಮಂಡಳಿಗಳಿಗೆ ವಹಿಸಿತು. ಕಡ್ಡಾಯ ಶಿಕ್ಷಣದ ಹೆಚ್ಚುವರಿ ವೆಚ್ಚದಲ್ಲಿ ದೊಡ್ಡ ಪಾಲನ್ನು ಸರ್ಕಾರ ಭರಿಸುವುದೆಂದೂ ಆಯಿತು.

ನಮ್ಮ ಚರಿತ್ರೆಯಲ್ಲಿ ಅಮೆರಿಕದ ಶಾಲಾ ಜಿಲ್ಲೆಗೆ ಅತಿ ಹತ್ತಿರ ಬಂದ ವ್ಯವಸ್ಥೆ ಇದು ಎನ್ನಬಹುದು. ಬೋರ್ಡಿಗೆ ಕರದ ಆದಾಯವಿತ್ತು, ಚುನಾಯಿತ ಸದಸ್ಯರಿದ್ದರು, ಮಾಸ್ತರರ ನೇಮಕ ವರ್ಗಾವಣೆ ಅವರ ಕೈಯಲ್ಲಿತ್ತು. ಈ ಭಾಗದ ಹಿರಿಯರು ‘ಮುಲ್ಕಿ ಪಾಸಾದವರು’ ಎಂದು ಗೌರವದಿಂದ ಹೇಳುತ್ತಿದ್ದ ತಲೆಮಾರು ಈ ಕಾಲದ ಶಾಲೆಗಳಲ್ಲೇ ಕಲಿತದ್ದು. ಏಳನೆಯ ಇಯತ್ತೆಯ ಆ ಪರೀಕ್ಷೆ ಗೆದ್ದರೆ ಮಾಸ್ತರಿಕೆ, ತಲಾಠಿ ಕೆಲಸದ ಬಾಗಿಲು ತೆರೆಯುತ್ತಿತ್ತು.

ಆದರೆ ವ್ಯವಸ್ಥೆ ಬಹುಕಾಲ ಹಾಗೆ ಉಳಿಯಲಿಲ್ಲ. 1930ರ ಆರ್ಥಿಕ ಮುಗ್ಗಟ್ಟಿನಲ್ಲಿ ಸರ್ಕಾರದ ಅನುದಾನ ಸೊರಗಿತು. ಮಾಸ್ತರರ ವರ್ಗಾವಣೆಯಲ್ಲಿ ರಾಜಕಾರಣ ನುಸುಳಿತೆಂಬ ದೂರುಗಳು ಎದ್ದವು. 1938ರಲ್ಲಿ ಬಿ.ಜಿ. ಖೇರ್ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಬೋರ್ಡುಗಳ ಅಧಿಕಾರದ ಬಹುಪಾಲನ್ನು ಸರ್ಕಾರಿ ಅಧಿಕಾರಿಗಳ ಕೈಗೆ ಮರಳಿಸಿತು. ಹದಿನೈದು ವರ್ಷದ ಪ್ರಯೋಗ ಹಿಮ್ಮುಖವಾಯಿತು. ಸ್ಥಳೀಯ ಅಧಿಕಾರಕ್ಕೆ ಸ್ಥಳೀಯ ಸ್ವಾರ್ಥದ ಕಾಟವೂ ಇರುತ್ತದೆ ಎಂಬ ಪಾಠವನ್ನು ಇಲ್ಲಿ ಮರೆಯುವಂತಿಲ್ಲ.

ದಾನದ ದಾರಿ

ಕರದ ಹಣ ಪ್ರಾಥಮಿಕ ಶಾಲೆಯ ಹೊಸ್ತಿಲು ದಾಟಲಿಲ್ಲ. ಹೈಸ್ಕೂಲು, ಕಾಲೇಜುಗಳನ್ನು ಈ ಭಾಗದಲ್ಲಿ ಕಟ್ಟಿದ್ದು ಬಹುಮಟ್ಟಿಗೆ ದಾನ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟರು. 1916ರ ನವೆಂಬರ್ 13ರಂದು ಎಸ್.ಎಸ್. ಬಸವನಾಳ, ಎಂ.ಆರ್. ಸಾಖರೆ, ಎಚ್.ಎಫ್. ಕಟ್ಟೀಮನಿ ಮೊದಲಾದ ಏಳು ಮಂದಿ ಬೆಳಗಾವಿಯಲ್ಲಿ ಒಂದು ಶಾಲೆ ತೆರೆದರು. ಮುಂದೆ ಕೆ.ಎಲ್.ಇ. ಸಂಸ್ಥೆಯಾಗಿ ಬೆಳೆದದ್ದು ಅದೇ. ಗಿಲಗಂಚಿ, ಅರಟಾಳ ಎಂಬ ದಾನಿಗಳ ಹೆಸರು ಆ ಶಾಲೆಗೆ, ಲಿಂಗರಾಜರ ಹೆಸರು 1933ರಲ್ಲಿ ಆರಂಭವಾದ ಕಾಲೇಜಿಗೆ ಬಂತು.

ಹಳ್ಳಿಗಳಲ್ಲಿ ಇದರ ಚಿಕ್ಕ ರೂಪ ‘ಪಟ್ಟಿ’. ಜಾತ್ರೆಗೆ ಪಟ್ಟಿ ಹಾಕುವಂತೆಯೇ ಶಾಲೆಯ ಕೋಣೆಗೂ ಪಟ್ಟಿ. ಒಬ್ಬರು ಜಾಗ, ಒಬ್ಬರು ಕಲ್ಲು, ಒಬ್ಬರು ಚಕ್ಕಡಿ, ಏನೂ ಇಲ್ಲದವರು ಮೈಮುರಿದು ಕೆಲಸ. ಉತ್ತರ ಕರ್ನಾಟಕದ ಹಳೆಯ ಶಾಲೆಗಳ ಗೋಡೆಗಳ ಮೇಲೆ ದಾನಿಗಳ ಹೆಸರು ಕೆತ್ತಿದ ಕಲ್ಲುಗಳು ಇಂದಿಗೂ ಕಾಣುತ್ತವೆ. ದಾನ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಾನಿಗಳಿದ್ದ ಊರಿಗೆ ಕಟ್ಟಡ ಬಂತು, ಇಲ್ಲದ ಊರು ಕಾಯಿತು.

ಖಜಾನೆ ದೂರವಾಯಿತು

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯ ಸೇರಿತು. 1961ರಲ್ಲಿ ರಾಜ್ಯಕ್ಕೆಲ್ಲ ಒಂದೇ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು. ಶಾಲಾ ಮಂಡಳಿಗಳು ಹಿನ್ನೆಲೆಗೆ ಸರಿದು, ಮಾಸ್ತರರು ಸರ್ಕಾರಿ ನೌಕರರಾದರು. ಸಂಬಳ ತಿಂಗಳು ತಿಂಗಳು ಬಂತು, ಬಡ ಊರಿಗೂ ಸಿರಿವಂತ ಊರಿಗೂ ಒಂದೇ ದರ ಬಂತು. ಇದು ಸಣ್ಣ ಸಾಧನೆಯಲ್ಲ. ಆದರೆ ಒಡೆದ ಹೆಂಚೊಂದನ್ನು ಬದಲಿಸಲೂ ಬೆಂಗಳೂರಿನವರೆಗೆ ಕಡತ ನಡೆಯಬೇಕಾದ ಪರಿಸ್ಥಿತಿಯೂ ಅದರ ಬೆನ್ನಿಗೇ ಬಂತು.

ಕಟ್ಟಡ, ಉಪಕರಣಗಳ ಕೊರತೆ ಎಷ್ಟೆಂಬುದನ್ನು 1987ರ ‘ಆಪರೇಶನ್ ಬ್ಲ್ಯಾಕ್‌ಬೋರ್ಡ್’ ಯೋಜನೆಯೇ ಒಪ್ಪಿಕೊಂಡಿತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಕಪ್ಪು ಹಲಗೆ, ನಕಾಶೆ, ಆಟಿಕೆ ಸಾಮಾನು ಕೊಡುವುದು ಅದರ ಗುರಿ. ಸ್ವಾತಂತ್ರ್ಯ ಬಂದು ನಲವತ್ತು ವರ್ಷವಾದರೂ ಕಪ್ಪು ಹಲಗೆಗಾಗಿ ರಾಷ್ಟ್ರೀಯ ಯೋಜನೆ ಬೇಕಾಯಿತೆಂದರೆ ಹೆಚ್ಚು ವಿವರಣೆ ಬೇಡ. ಮುಂದೆ 2001ರಲ್ಲಿ ಸರ್ವ ಶಿಕ್ಷಾ ಅಭಿಯಾನ, 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಬಂದವು. ಶಿಕ್ಷಕರಿಗೊಂದು ತರಗತಿ ಕೋಣೆ, ಹುಡುಗ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಆಟದ ಬಯಲು, ಗ್ರಂಥಾಲಯ ಎಲ್ಲವೂ ಕಾನೂನಿನ ಪಟ್ಟಿಗೆ ಸೇರಿದವು.

ಹಳೆಯ ನಾಲ್ಕು ಪೈ ಕೂಡ ಹೊಸ ವೇಷದಲ್ಲಿ ಮರಳಿತು. 2004ರಲ್ಲಿ ಕೇಂದ್ರ ಸರ್ಕಾರ ತನ್ನ ತೆರಿಗೆಗಳ ಮೇಲೆ ಶೇ 2ರ ಶಿಕ್ಷಣ ಸೆಸ್ ಹಾಕಿತು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೊಂದು ಶೇ 1 ಸೇರಿತು. 2018ರಲ್ಲಿ ಆದಾಯ ತೆರಿಗೆಯ ಮೇಲಿನ ಸೆಸ್ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಆಯಿತು. ಈ ಹಣ ಎಲ್ಲಿ ಹೋಯಿತು? ಪ್ರೌಢ ಮತ್ತು ಉನ್ನತ ಶಿಕ್ಷಣದ ಹೆಸರಿನಲ್ಲಿ 2016-17ರವರೆಗೆ ಸಂಗ್ರಹವಾದ 83 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತಕ್ಕೆ ಪ್ರತ್ಯೇಕ ನಿಧಿಯನ್ನೇ ರಚಿಸಿರಲಿಲ್ಲ ಎಂದು ಮಹಾಲೇಖಪಾಲರ ವರದಿ ಎತ್ತಿ ತೋರಿಸಿತು. ಹೊಲದ ನಾಲ್ಕು ಪೈ ಪೇಟೆಗೆ ಹೋಯಿತೆಂದು ಫುಲೆಯವರಿಗೆ ಕಾಣುವಷ್ಟಾದರೂ ಕಂಡಿತ್ತು. ಈ ಹಣದ ಜಾಡು ಊರಿನವರಿಗೆ ಕಾಣುವಂತೆಯೇ ಇರಲಿಲ್ಲ.

ಊರಿನವರಿಗೆ ಮಾತು ಸಿಕ್ಕ ಒಂದೇ ಕಡೆ ಎಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್.ಡಿ.ಎಂ.ಸಿ. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ 2001ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಇದನ್ನು ರಚಿಸಿತು. ಆ ಶಾಲೆಯಲ್ಲಿ ಓದುವ ಮಕ್ಕಳ ಪಾಲಕರೇ ಇದರ ಮುಖ್ಯ ಸದಸ್ಯರು. ಆದರೆ ಮಾತಿದ್ದಲ್ಲಿ ಹಣವಿಲ್ಲ. ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದ ಪ್ರಕಾರ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷದ ಅನುದಾನ 50,000 ರೂಪಾಯಿವರೆಗೆ. ಸೀಮೆಸುಣ್ಣ, ವಿದ್ಯುತ್ ಬಿಲ್ಲು, ಸ್ವಚ್ಛತೆ, ಸಣ್ಣಪುಟ್ಟ ದುರಸ್ತಿ ಎಲ್ಲ ಇದರಲ್ಲೇ. ಹೊಳೆಯ ನೀರಿನಲ್ಲಿ ನೆನೆದ ಗೋಡೆಗೆ ಇದರಲ್ಲಿ ಎಷ್ಟು ಉಳಿದೀತು?

ನೂರು ರೂಪಾಯಿಯ ಗದ್ದಲ

2022ರ ಅಕ್ಟೋಬರ್‌ನಲ್ಲಿ ರಾಜ್ಯದ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಸರ್ಕಾರಿ ಶಾಲೆಗಳ ಸಮಿತಿಗಳು ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು, ಅದನ್ನು ಶಾಲೆಯ ಅಗತ್ಯಗಳಿಗೆ ಬಳಸಬಹುದು ಎಂಬುದು ಅದರ ಸಾರ. ಕಡ್ಡಾಯವಲ್ಲ ಎಂದಿದ್ದರೂ ನಾಡಿನಾದ್ಯಂತ ವಿರೋಧ ಎದ್ದಿತು. ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು.

ವಿರೋಧಕ್ಕೆ ಕಾರಣವಿತ್ತು. ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವವರಲ್ಲಿ ಹೆಚ್ಚಿನವರು ಕೂಲಿಕಾರರು, ಸಣ್ಣ ರೈತರು. ಮೂರು ಮಕ್ಕಳಿರುವ ಕಬ್ಬು ಕಡಿಯುವ ಕುಟುಂಬಕ್ಕೆ ತಿಂಗಳಿಗೆ 300 ರೂಪಾಯಿ ಹಗುರವಲ್ಲ. ಉಚಿತ ಶಿಕ್ಷಣ ಹಕ್ಕೆಂದು ಕಾನೂನು ಹೇಳುತ್ತಿರುವಾಗ ಬಡವರ ಮುಂದೆಯೇ ಕೈ ಚಾಚುವುದು ತಪ್ಪು ಎಂದು ಜನ ಹೇಳಿದ್ದು ಸರಿಯಾಗಿಯೇ ಇತ್ತು. ಜೊತೆಗೆ ಇನ್ನೊಂದು ಮಾತೂ ಇದೆ. ಈ ಸುತ್ತೋಲೆ ಹೊರೆ ಹೊರಿಸಲು ಹೋದದ್ದು ಮಕ್ಕಳನ್ನು ಕಳಿಸುವ ಪಾಲಕರ ಮೇಲೆ ಮಾತ್ರ. ಊರಿನ ಆಸ್ತಿಯ ಮೇಲಲ್ಲ.

ಬಾಂಡಿನಿಂದ ಕಲಿಯುವುದೇನು?

ಹಾಗಾದರೆ ಅಮೆರಿಕದಂತೆ ಇಲ್ಲೂ ಶಾಲೆಗೆ ಬಾಂಡ್ ತರಬಹುದೇ? ಬಾಂಡ್ ನಮಗೆ ತೀರ ಅಪರಿಚಿತವಲ್ಲ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿ, ಹೀಗೆ ಹಣ ಎತ್ತಿದ ದೇಶದ ಮೊದಲ ನಗರಾಡಳಿತ ಎನಿಸಿಕೊಂಡಿತು. ಅದಕ್ಕೆ ರಾಜ್ಯ ಸರ್ಕಾರದ ಖಾತರಿ ಇತ್ತು. ಆದರೆ ಮಹಾನಗರದ ಆಸ್ತಿ ತೆರಿಗೆಯ ಬಲ ನದಿಯಂಚಿನ ಗ್ರಾಮ ಪಂಚಾಯಿತಿಗೆ ಎಲ್ಲಿಂದ ಬರಬೇಕು?

ಅಮೆರಿಕದಲ್ಲೂ ಇದೇ ಆ ಪದ್ಧತಿಯ ದೊಡ್ಡ ದೋಷ. ಬೆಲೆಬಾಳುವ ಮನೆಗಳಿರುವ ಊರು ಸ್ವಲ್ಪ ತೆರಿಗೆಯಲ್ಲೇ ಭವ್ಯ ಶಾಲೆ ಕಟ್ಟುತ್ತದೆ, ಬಡ ಊರು ಹೆಚ್ಚು ತೆರಿಗೆ ತೆತ್ತರೂ ಹಿಂದುಳಿಯುತ್ತದೆ. ಟೆಕ್ಸಾಸಿನ ಬಡ ಪಾಲಕರು ಈ ಅನ್ಯಾಯವನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದರು. 1973ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಅವರು ಸೋತರು. ದಾನಿಗಳಿದ್ದ ಊರಿಗೆ ಕಟ್ಟಡ ಬಂದ ನಮ್ಮ ಕಥೆಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಆದ್ದರಿಂದ ಎರವಲು ತರಬೇಕಾದದ್ದು ಸಾಲವನ್ನಲ್ಲ, ಸಾಲಕ್ಕೆ ಮುಂಚೆ ನಡೆಯುವ ಕೇಳುವಿಕೆಯನ್ನು. ಅಲ್ಲಿ ಯಾವ ಶಾಲೆಗೆ ಏನು ಎಂಬುದು ಬರಹದಲ್ಲಿ ಜನರ ಮುಂದೆ ಬರುತ್ತದೆ. ಕ್ಯಾಲಿಫೋರ್ನಿಯದಲ್ಲಿ 2000ನೇ ಇಸವಿಯ ತಿದ್ದುಪಡಿಯಡಿ ಶೇ 55ರಷ್ಟು ಮತದಿಂದ ಬಾಂಡ್ ಒಪ್ಪಿಗೆಯಾದರೆ, ಖರ್ಚಿನ ಮೇಲೆ ಕಣ್ಣಿಡಲು ನಾಗರಿಕರ ಸಮಿತಿ ಇರಲೇಬೇಕು. ಆ ಹಣದಲ್ಲಿ ಶಿಕ್ಷಕರ ಸಂಬಳ ಕೊಡುವಂತಿಲ್ಲ.

ಹಣ ಸರ್ಕಾರದ್ದೇ ಇರಲಿ. ಬಡ ಊರಿಗೆ, ಹೊಳೆ ನುಗ್ಗುವ ಊರಿಗೆ ಹೆಚ್ಚೇ ಬರಲಿ. ಆದರೆ ಯಾವ ಕೋಣೆ ಮೊದಲು, ಎತ್ತರದ ಜಾಗದಲ್ಲಿ ಹೊಸ ಕಟ್ಟಡವೋ ಹಳೆಯದರ ದುರಸ್ತಿಯೋ, ಕಂಪ್ಯೂಟರೋ ಶೌಚಾಲಯವೋ ಎಂಬುದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ಒಪ್ಪಿಗೆ ಪಡೆದು, ಖರ್ಚಾದ ಲೆಕ್ಕವನ್ನು ಶಾಲೆಯ ಗೋಡೆಯ ಮೇಲೆ ಬರೆಯುವುದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. ಗ್ರಾಮಸಭೆ ಇದೆ, ಎಸ್.ಡಿ.ಎಂ.ಸಿ. ಇದೆ. ದಾನಿಗಳ ಹೆಸರು ಕೆತ್ತಿದ ಗೋಡೆಯ ಪಕ್ಕದಲ್ಲೇ ಆ ಲೆಕ್ಕಕ್ಕೂ ಜಾಗವಿದೆ.